ಗಂಟೆಗೆ ಉಣ್ಣೆ ತುರುಕಿದ ದ್ವೀಪ

ಹೊಸದುರ್ಗ ಬಿಟ್ಟಿದ್ದು

ನಾನು ಹೋಗಿ ಬಂದ ದ್ವೀಪದ ಹೆಸರು ಹೇಳುವುದಿಲ್ಲ. ಆ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಯುರೋಪಿನ ನೆತ್ತಿಯ ಮೇಲೆ, ಸಮುದ್ರದ ನಡುವೆ, ಭೂಪಟದಲ್ಲಿ ನೊಣ ಕೂತೆದ್ದ ಕಲೆಯಷ್ಟು ಕಾಣುತ್ತದೆ ಎಂದರೆ ಸಾಕು. ಅಲ್ಲಿ ಮರಗಳಿಲ್ಲ. ಕುರಿಗಳಿವೆ. ಮನುಷ್ಯರಿಗಿಂತ ಕುರಿಗಳೇ ಹೆಚ್ಚಂತೆ ಎಂದು ಹೊರಡುವ ಮುಂಚೆ ಅಕ್ಕನಿಗೆ ಹೇಳಿದೆ.

"ಹಂಗಾದ್ರೆ ಅದೂ ನಮ್ಮ ಹಟ್ಟಿನೇ ಬಿಡು. ಕುರಿ ನೋಡಾಕೆ ಇಮಾನ ಹತ್ತಿ ಹೋಗ್ತೀಯಲ್ಲೇ!" ಎಂದು ಅಕ್ಕ ನಕ್ಕಳು. ನಕ್ಕು, ಚಟ್ನಿಪುಡಿ ಡಬ್ಬಿಯನ್ನು ನನ್ನ ಪೆಟ್ಟಿಗೆಯೊಳಗೆ ಅದುಮಿ ಇಟ್ಟಳು. ಬರಿಗೈ ಚೆನ್ನಾಗಿ ಕಾಣುವುದಿಲ್ಲವೆಂದು ಹಸಿರು ಗಾಜಿನ ಬಳೆಗಳನ್ನೂ ತೊಡಿಸಿದಳು. ನನಗೆ ಅರವತ್ತು ಹತ್ತಿರವಾದರೂ ಅವಳಿಗೆ ನಾನಿನ್ನೂ ಲಂಗ ಹಾಕಿಕೊಂಡು ಕುರಿಮರಿ ಹಿಂದೆ ಓಡುವ ರತ್ನಿಯೇ.

ನಾವಿಬ್ಬರೂ ಮತ್ತೋಡಿನ ಹತ್ತಿರದ ಕುರಿ ಸಾಕುವ ಮನೆಯ ಹೆಣ್ಣುಮಕ್ಕಳು. ಅಕ್ಕನನ್ನು ಸೋದರಮಾವನಿಗೇ ಕೊಟ್ಟರು. ನಾನು ಓದುತ್ತಾ ಚಿತ್ರದುರ್ಗಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗಿ ಮಿದುಳಿನ ರಸಾಯನಶಾಸ್ತ್ರ ಹಿಡಿದೆ. ಹೆತ್ತವರಿಂದ ಮಕ್ಕಳಿಗೆ ಇಳಿದುಬರುವ ನರರೋಗಗಳು ನನ್ನ ಕಸುಬು. ಊರಿಗೆ ಹೋದಾಗ ಡಾಕ್ಟ್ರಮ್ಮ ಬಂದವ್ರೆ ಅಂತ ಮಂಡಿನೋವಿನವರು ಸಾಲುಗಟ್ಟುತ್ತಾರೆ. ನಾನು ನಾಡಿ ಹಿಡಿಯುವ ಡಾಕ್ಟರಲ್ಲ, ಶೀಶೆಯಲ್ಲಿ ಬಂದ ರಕ್ತ ನೋಡುವವಳು ಎಂದು ಹೇಳಿದರೆ, "ಇರ್ಲಿ ಬಿಡ್ರಿ, ಒಂದು ಗುಳಿಗೆ ಬರ್ಕೊಡ್ರಿ" ಎನ್ನುತ್ತಾರೆ.

ಆ ದ್ವೀಪದ ಪರಿಚಯ ನನಗಾದದ್ದೂ ಒಂದು ಶೀಶೆಯಿಂದಲೇ. ಕೆಲವು ವರ್ಷಗಳ ಹಿಂದೆ ಅಲ್ಲಿನ ಒಂದು ಹೆಣ್ಣುಮಗುವಿನ ರಕ್ತ ನನ್ನ ಮೇಜಿಗೆ ಬಂತು. ಮಿದುಳಿನ ಜೀವಕೋಶಗಳಲ್ಲಿ ಒಂದು ಬಗೆಯ ಕೊಬ್ಬು ದಿನಾ ಹುಟ್ಟುತ್ತದೆ, ಅದನ್ನು ಒಡೆದು ಹೊರಹಾಕಲು ಒಂದು ಕಿಣ್ವ ಇರುತ್ತದೆ. ಆ ಕಿಣ್ವ ಇಲ್ಲದಿದ್ದರೆ, ಎತ್ತುವವರಿಲ್ಲದ ಕುರಿರೊಪ್ಪದಲ್ಲಿ ಗೊಬ್ಬರ ತುಂಬಿಕೊಳ್ಳುವ ಹಾಗೆ ಕೊಬ್ಬು ಮಿದುಳಲ್ಲೇ ತುಂಬಿಕೊಳ್ಳುತ್ತದೆ. ಆ ಮಗುವಿನಲ್ಲಿ ಕಿಣ್ವ ಇರಲಿಲ್ಲ. ಹಾಗೆಂದು ಬರೆದು ಕಳಿಸಿದೆ. ಇದಕ್ಕೆ ಔಷಧವಿಲ್ಲ. ಮಗು ತೀರಿಕೊಂಡಿತೆಂದು ಆಮೇಲೆ ತಿಳಿಯಿತು.

ಈಗ ಒಂದು ಸಭೆಗೆಂದು ಆ ದೇಶಕ್ಕೆ ಹೋಗುವ ಸಂದರ್ಭ ಬಂದಾಗ, ರಕ್ತ ಕಳಿಸಿದ್ದ ವೈದ್ಯರು ಒಂದು ವಿಷಯ ಹೇಳಿದರು. ಆ ಮಗುವಿನ ಅಜ್ಜಿಗೆ ನನ್ನನ್ನು ನೋಡಬೇಕಂತೆ. ಮಾತಾಡಿಸಿ ಸಮಾಧಾನ ಹೇಳಿ ಬರೋಣ, ನಮ್ಮಲ್ಲಿ ಸಾವಿನ ಮನೆಗೆ ತಡವಾಗಿಯಾದರೂ ಹೋಗುವುದಿಲ್ಲವೇ ಎಂದುಕೊಂಡು ಹೊರಟೆ.

ದೋಣಿ ಇಳಿದ ಕಡೆ

ದೋಣಿಯಿಂದ ಇಳಿದವಳು ನಾನೊಬ್ಬಳೇ. ಎದುರಿಗಿದ್ದುದು ಮಂಜು. ನಮ್ಮ ಕಡೆ ಮಾರ್ಗಶಿರದಲ್ಲಿ ಬೀಳುವ ಮಂಜು ಬಿಸಿಲು ಬಂದರೆ ನಾಚಿಕೊಂಡು ಹೋಗುತ್ತದೆ. ಇದು ಹೋಗುವ ಜಾತಿಯದಲ್ಲ. ಚಾಚಿದ ಕೈಯ ಬೆರಳುಗಳೇ ಕಾಣುತ್ತಿರಲಿಲ್ಲ.

ಕಲ್ಲು ಹಾಸಿದ ಏರುದಾರಿಯಲ್ಲಿ ಪೆಟ್ಟಿಗೆಯನ್ನು ಎಳೆದುಕೊಂಡು ಹೊರಟೆ. ಗಾಲಿಗಳು ಗಡಗಡ ಎಂದು ಊರಿಗೆಲ್ಲ ಕೇಳುವಷ್ಟು ಸದ್ದು ಮಾಡಿದವು. ಇದ್ದಕ್ಕಿದ್ದಂತೆ ಮಂಜಿನೊಳಗಿಂದ ಒಬ್ಬ ಮುದುಕಿ ಓಡಿಬಂದಳು. ಒಂದು ಬೆರಳು ತುಟಿಯ ಮೇಲಿತ್ತು. ನಮಸ್ಕಾರವಿಲ್ಲ, ಹೆಸರು ಕೇಳಲಿಲ್ಲ. ನನ್ನ ಪೆಟ್ಟಿಗೆಯನ್ನು ಕೈಯಿಂದ ಕಸಿದು ಎದೆಗೆ ಅವುಚಿಕೊಂಡು ಹಿಂದಿರುಗಿ ನಡೆದಳು. ಅವಳೇ ಮಾರಿಯಾ, ಆ ಮಗುವಿನ ಅಜ್ಜಿ. ಕಾಲಿಗೆ ಬೂಟಿನ ಮೇಲೆ ಉಣ್ಣೆಯ ದಪ್ಪ ಕಾಲುಚೀಲ ಎಳೆದುಕೊಂಡಿದ್ದಳು. ಅವಳ ಹೆಜ್ಜೆ ನನಗೆ ಕೇಳಿಸುತ್ತಿರಲಿಲ್ಲ, ನನ್ನ ಹೆಜ್ಜೆ ಮಾತ್ರ ಕೇಳಿಸುತ್ತಿತ್ತು.

ಅರ್ಧ ದಾರಿಯಲ್ಲಿ ಕುರಿಗಳು ಬಂದವು. ಬಂದವು ಎಂದರೆ ಮಂಜಿನಿಂದ ಮುಖಗಳು ಹೊರಬಂದು, ನನ್ನನ್ನು ನೋಡಿ, ಪಕ್ಕಕ್ಕೆ ಸರಿದು, ಮತ್ತೆ ಮಂಜಿಗೆ ಹೋದವು. ಹತ್ತಿರ ಬಂದ ಒಂದರ ಕೊರಳಲ್ಲಿ ಗಂಟೆ ಇತ್ತು. ಕುರಿ ತಲೆ ಅಲ್ಲಾಡಿಸುತ್ತಿತ್ತು, ಗಂಟೆ ಅಲುಗುತ್ತಿತ್ತು, ಸದ್ದಿಲ್ಲ. ನಾನು ಕುರಿ ಮನೆಯವಳು, ಕೈ ಸುಮ್ಮನಿರಲಿಲ್ಲ. ಬಗ್ಗಿ ಗಂಟೆಯೊಳಗೆ ಬೆರಳು ಹಾಕಿದೆ. ಉಣ್ಣೆ ಬಿಗಿಯಾಗಿ ತುರುಕಿದ್ದರು.

ಬೆರಳನ್ನು ಥಟ್ಟನೆ ಹಿಂದಕ್ಕೆಳೆದುಕೊಂಡೆ. ಏಕೆಂದರೆ ಉಣ್ಣೆ ತುರುಕಿದ ಕುರಿಗಂಟೆಯನ್ನು ನಾನು ಅದಕ್ಕೆ ಮೊದಲು ನೋಡಿದ್ದು ಒಂದೇ ಕಡೆ. ನಮ್ಮ ಅಕ್ಕನ ಮನೆಯಲ್ಲಿ.

ಮಾರಿಯಾಳ ಮನೆ

ಬಾಗಿಲ ಕರೆಗಂಟೆಗೆ ಬಟ್ಟೆ ಸುತ್ತಿತ್ತು. ಕುರ್ಚಿಗಳ ಕಾಲಿಗೆಲ್ಲ ಹೆಣೆದ ಉಣ್ಣೆಯ ಚೀಲ ತೊಡಿಸಿದ್ದರು. ಗೋಡೆ ಗಡಿಯಾರದ ಲೋಲಕವನ್ನು ಕಟ್ಟಿಹಾಕಿದ್ದರು. ನಲ್ಲಿಯಿಂದ ನೀರು ತೊಟ್ಟಿಕ್ಕುವ ಕಡೆ ಒಂದು ಸ್ಪಂಜಿನ ತುಂಡು. ಚಮಚಗಳು ಮರದವು, ತಟ್ಟೆಗಳು ಮರದವು. ಮಾರಿಯಾ ಹರೆಯದಲ್ಲಿ ದೊಡ್ಡ ಊರಿನಲ್ಲಿ ದುಡಿದವಳು, ಇಂಗ್ಲಿಷ್ ಬರುತ್ತಿತ್ತು. ಆದರೆ ಅವಳು ಮಾತಾಡುವುದೆಂದರೆ ಕಿವಿಯ ಹತ್ತಿರ ಬಂದು ಉಸಿರು ಬಿಡುವುದು. ಸೂಪು ಕುಡಿಯುವಾಗ ನಾನೇ ಸುರ್ ಎಂದು ಸದ್ದು ಮಾಡಿ ಬೆಚ್ಚಿದೆ.

ನಲವತ್ತು ವರ್ಷದ ಹಿಂದೆ ಊರಿನಲ್ಲಿ ಅಕ್ಕನಿಗೆ ಹುಟ್ಟಿದ ಮೊದಲ ಮಗು ಹೆಣ್ಣು. ಅಂಥ ಚಂದದ ಕೂಸನ್ನು ನಮ್ಮ ಹಟ್ಟಿ ಕಂಡಿರಲಿಲ್ಲ. ಬಿಳಿ ಮುಖ, ಉದ್ದ ರೆಪ್ಪೆ, ಎಲ್ಲರೂ ಗೊಂಬೆ ಎಂದೇ ಕರೆದರು. ಆರೇಳು ತಿಂಗಳಾಗುವಾಗ ಶುರುವಾಯಿತು. ತಟ್ಟೆ ಇಟ್ಟರೆ ಬೆಚ್ಚುವುದು, ಸೀನಿದರೆ ಬೆಚ್ಚುವುದು. ಬೆಚ್ಚಿದರೆ ಎರಡು ಕೈಯೂ ಸೆಟೆದು ನಿಲ್ಲುತ್ತಿದ್ದವು. ನೂರು ಸಲ ಅದೇ ಸದ್ದಾದರೂ ನೂರನೆಯ ಸಲವೂ ಮೊದಲನೆಯ ಸಲದಂತೆ. ಕಣ್ಣು ನಮ್ಮ ಕಡೆಗಿರುತ್ತಿತ್ತು, ಆದರೆ ನೋಟ ನಮ್ಮನ್ನು ದಾಟಿ ಎಲ್ಲೋ ಹೋಗುತ್ತಿತ್ತು. ತಾಯಿತ ಕಟ್ಟಿಸಿದರು. ಒನಕೆಗೆ ಗೋಣಿ ಸುತ್ತಿದರು, ಹುಂಜಗಳನ್ನು ನೆಂಟರಿಗೆ ಕೊಟ್ಟರು, ನಾಯಿಯನ್ನು ಹೊಳಲ್ಕೆರೆ ಕಡೆ ಬಿಟ್ಟುಬಂದರು, ಕುರಿಗಂಟೆಗಳಿಗೆ ಉಣ್ಣೆ ತುರುಕಿದರು. ಬಂದವರು ಅಂಗಳದಾಚೆಯೇ ನಿಂತು ಕೈಸನ್ನೆ ಮಾಡುತ್ತಿದ್ದರು. ಸಾವಿರಾರು ಮೈಲಿ ಆಚೆ ಯಾರೂ ಹೇಳಿಕೊಡದೆ ಇನ್ನೊಂದು ಮನೆ ಇದನ್ನೇ ಮಾಡಿತ್ತು. ರೋಗ ಒಂದೇ ಆದರೆ ಮನೆಯೂ ಒಂದೇ ಆಗುತ್ತದೆ. ನಮ್ಮಲ್ಲಿ ಸಂಬಂಧ ಬಿಡಬಾರದೆಂದು ಒಳಗೊಳಗೇ ಕೊಟ್ಟು ತಂದರು, ಇಲ್ಲಿ ಸುತ್ತಲಿನ ಸಮುದ್ರವೇ ಹೊರಗಿನ ಹೆಣ್ಣುಗಂಡು ಬಾರದಂತೆ ತಡೆದು ಆ ಕೆಲಸ ಮಾಡಿತ್ತು.

ಇಷ್ಟು ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಒಂದು. ಆ ಮಗು ಸತ್ತು ವರ್ಷಗಳಾಗಿವೆ. ಹಾಗಾದರೆ ಈ ಮೌನ ಯಾರಿಗೆ?

ಕಿಟಕಿಯಾಚೆ ಹಗ್ಗದ ಮೇಲೆ ಮಂಜಿನಲ್ಲಿ ಪುಟ್ಟ ಅಂಗಿಗಳು ಒಣಗುತ್ತಿದ್ದವು. ಸತ್ತ ಮಗುವಿನ ಬಟ್ಟೆಯನ್ನು ಇವರು ಈಗಲೂ ಒಗೆದು ಹಾಕುತ್ತಾರೇನೋ ಎಂದುಕೊಂಡೆ. ನಾನು ಭೂತಪ್ರೇತ ನಂಬುವವಳಲ್ಲ. ಆದರೂ ಮಾಳಿಗೆಯ ಮೇಲೆ ಯಾರೋ ಬರಿಗಾಲಲ್ಲಿ ಹಿಂದೆ ಮುಂದೆ ನಡೆದಾಡಿದಂತಾದಾಗ, ಅಲ್ಲಿ ಯಾರು ಎಂದು ಕೇಳುವ ಧೈರ್ಯವಾಗಲಿಲ್ಲ. ಮಾರಿಯಾ ಮೇಲೆ ನೋಡಲಿಲ್ಲ. ನನ್ನ ಕಪ್ಪಿಗೆ ಕಾಫಿ ಬಗ್ಗಿಸಿದಳು, ಅದೂ ಸದ್ದಾಗದ ಹಾಗೆ, ಕಪ್ಪಿನ ಒಳಗೋಡೆಗೆ ತಾಗಿಸಿಕೊಂಡು.

ಎರಡನೆಯ ದಿನ, ಅಕ್ಕನ ಫೋನು

ಮಧ್ಯಾಹ್ನ ಊಟಕ್ಕೆ ಕೂತಾಗ ಮಾಳಿಗೆಯಿಂದ ಒಬ್ಬ ಹುಡುಗಿ ಇಳಿದುಬಂದಳು. ಮೂವತ್ತು ಇರಬಹುದು. ಮಾರಿಯಾಳ ಸೊಸೆ, ಹೆಸರು ಸಿಗ್ರಿ. ಗಂಡ ಮೀನು ಹಿಡಿಯುವ ಹಡಗಿನಲ್ಲಿ ದೂರ ಹೋಗಿದ್ದ. ಸಿಗ್ರಿಯ ಎದೆಗೆ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ ಮಗುವಿನ ನೆತ್ತಿಯ ಕೂದಲು ಕಾಣಿಸುತ್ತಿತ್ತು. ಮಗು! ನನ್ನ ಕೈಯ ಚಮಚ ಅಲ್ಲೇ ನಿಂತಿತು.

ಆ ಹೊತ್ತಿಗೇ ನನ್ನ ಫೋನು ಬಡಿದುಕೊಂಡಿತು. ಅಕ್ಕ ಕರೆದರೆ ನನಗೆ ಗೊತ್ತಾಗಲೆಂದು ಜೋರು ನಾದಸ್ವರದ ಸದ್ದು ಇಟ್ಟಿದ್ದೆ. ಸದ್ದು ಅಡಗಿಸುವುದನ್ನು ಮರೆತಿದ್ದೆ. ಆ ಮನೆಯಲ್ಲಿ ಮದುವೆ ಮಂಟಪದ ಓಲಗ ಮೊಳಗಿಬಿಟ್ಟಿತು.

ಮಾರಿಯಾ ಎದ್ದು ನಿಂತಳು. ಸಿಗ್ರಿ ಎರಡೂ ಅಂಗೈಯಿಂದ ಮಗುವಿನ ಕಿವಿ ಮುಚ್ಚಿ, ಮುಖವನ್ನು ಎದೆಗೆ ಒತ್ತಿ ಹಿಡಿದು, ನಮಗೆ ಬೆನ್ನು ತಿರುಗಿಸಿ, ಬಂದ ಮೆಟ್ಟಿಲನ್ನೇ ಹತ್ತಿ ಓಡಿದಳು. ಮಗು ಬೆಚ್ಚಿತೋ ಇಲ್ಲವೋ ನಾನು ನೋಡಲಿಲ್ಲ. ಅವಳೂ ನೋಡಲಿಲ್ಲ, ಮಗುವಿನ ಕಿವಿ ಮುಚ್ಚುವಾಗಲೇ ತನ್ನ ಕಣ್ಣನ್ನೂ ಬಿಗಿಯಾಗಿ ಮುಚ್ಚಿದ್ದಳು.

ನಾನು ಫೋನು ಅದುಮಿ ಹಿಡಿದು, ಕ್ಷಮಿಸಿ ಕ್ಷಮಿಸಿ ಎಂದು ಪಿಸುಗುಟ್ಟಿದೆ. ಮಾರಿಯಾ ನನ್ನನ್ನು ಕುರಿಕೊಟ್ಟಿಗೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅಲ್ಲಿ ಅವಳ ನಿಜವಾದ ದನಿ ಮೊದಲ ಸಲ ಕೇಳಿದೆ. ಒರಟು ದನಿ.

"ಇದು ಎರಡನೆಯ ಮಗು. ಗಂಡು. ಯೋನ್ ಅಂತ ಹೆಸರು. ಈಗ ಏಳು ತಿಂಗಳು."

"ರಕ್ತ ಪರೀಕ್ಷೆ?"

"ಹೊಟ್ಟೆಯಲ್ಲಿದ್ದಾಗಲೇ ಡಾಕ್ಟರು ಹೇಳಿದರು. ಒಲ್ಲೆ ಅಂದಳು. ಹುಟ್ಟಿದ ಮೇಲೆ ಹೇಳಿದರು. ಒಲ್ಲೆ ಅಂದಳು. ಗೊತ್ತಾಗುವ ತನಕ ನನ್ನ ಮಗ ಆರೋಗ್ಯವಾಗಿಯೇ ಇದ್ದಾನೆ ಅನ್ನುತ್ತಾಳೆ. ಮೊದಲನೆಯದಕ್ಕೆ ಕಾಯಿಲೆ ಇದೆ ಅಂತ ಅವಳಿಗೆ ತಿಳಿದದ್ದು ಪಾತ್ರೆಯ ಮುಚ್ಚಳ ಬಿದ್ದ ದಿನ. ಅದಕ್ಕೇ ಈಗ ಏನೂ ಬೀಳಬಾರದು."

ಆಗ ನನಗೆ ಪೂರ್ತಿ ತಿಳಿಯಿತು. ಮೊದಲ ಮಗುವಿಗೆ ಈ ಮನೆ ಸದ್ದಡಗಿಸಿದ್ದು ಅದು ಬೆಚ್ಚುತ್ತದೆಂದು. ಈ ಮಗುವಿಗೆ ಸದ್ದಡಗಿಸಿದ್ದು ಬೆಚ್ಚುತ್ತದೋ ಇಲ್ಲವೋ ಎಂದು ಯಾರಿಗೂ ತಿಳಿಯಬಾರದೆಂದು. ಏಳು ತಿಂಗಳಿಂದ ಎರಡು ಹೆಂಗಸರು ಉಸಿರು ಬಿಗಿಹಿಡಿದು ಬದುಕುತ್ತಿದ್ದರು. ಮಾರಿಯಾ ನನ್ನನ್ನು ಕರೆಸಿದ್ದು ಸಮಾಧಾನ ಹೇಳಿಸಿಕೊಳ್ಳಲು ಅಲ್ಲ. "ಅವಳಿಗೆ ಹೇಳಿ. ನೀವು ಹೇಳಿದರೆ ಕೇಳಬಹುದು. ನನ್ನ ಕೈಲಿ ಇನ್ನಾಗುವುದಿಲ್ಲ," ಎಂದಳು.

ಫೋನು ಕೈಯಲ್ಲಿ ಮತ್ತೆ ನಡುಗಿತು. ಅಕ್ಕ ಒಂದು ಸಲಕ್ಕೆ ಬಿಡುವವಳಲ್ಲ.

"ಲೇ ರತ್ನೀ, ಫೋನ್ ಎತ್ತಾಕೆ ಏನ್ ರೋಗ ನಿನಗೆ? ಉಂಡ್ಯೇನೇ? ಯಾಕ್ ಹಿಂಗೆ ಪಿಸಪಿಸ ಅಂತೀಯ, ಗಂಟ್ಲು ಕಟ್ಟೈತಾ?"

ಹೇಳಬಾರದೆಂದಿದ್ದೆ. ಆದರೆ ಕುರಿಕೊಟ್ಟಿಗೆಯ ವಾಸನೆ, ಉಣ್ಣೆ ತುರುಕಿದ ಗಂಟೆಗಳು, ಎದುರಿಗೆ ನಿಂತ ಮುದುಕಿ, ಎಲ್ಲ ಸೇರಿ ಬಾಯಿ ಬಿಡಿಸಿದವು. ಎಲ್ಲವನ್ನೂ ಹೇಳಿದೆ.

"ಆ ಹುಡುಗಿನ್ನ ಕರಿ," ಎಂದಳು ಅಕ್ಕ.

"ಅಕ್ಕಾ, ಅವಳಿಗೆ ಕನ್ನಡ..."

"ನಿಂಗೆ ಇಂಗ್ಲೀಷ್ ಬರಲ್ಲೇನು? ಕರಿ."

ಮಾರಿಯಾ ಹೋಗಿ ಸಿಗ್ರಿಯನ್ನು ಕರೆತಂದಳು. ಮಗು ಮೇಲೆ ಮಲಗಿತ್ತು. ಸಿಗ್ರಿ ಬಾಗಿಲ ಹತ್ತಿರವೇ ಕೈಕಟ್ಟಿ ನಿಂತಳು, ಯಾವಾಗ ಬೇಕಾದರೂ ಓಡಿಹೋಗುವವಳ ಹಾಗೆ. ನಾನು ಫೋನನ್ನು ಮೂವರ ನಡುವೆ ಹಿಡಿದೆ. ಅಕ್ಕ ಹೇಳುತ್ತಾ ಹೋದಳು, ನಾನು ಇಂಗ್ಲಿಷಿಗೆ ತಿರುಗಿಸುತ್ತಾ ಹೋದೆ, ಮಾರಿಯಾ ಅವರ ಭಾಷೆಗೆ.

"ನೋಡವ್ವಾ, ನಂಗೂ ಎರಡು ಹುಟ್ಟಿದ್ವು. ಮೊದಲ್ನೇದು ಹೋತು. ಎರಡ್ನೇದು ಹುಟ್ದಾಗ ನಾನೂ ನಿನ್ನಂಗೇ ಮಾಡ್ದೆ. ಗಂಟೆಗೆ ಉಣ್ಣೆ ಹಾಕ್ದೆ. ಗೊತ್ತಾಗದಂಗೆ ಇರಾಣ ಅಂತ. ಎಂಟು ತಿಂಗ್ಳು ಗೊತ್ತಾಗ್ಲಿಲ್ಲ. ಆಮೇಲೆ ಗೊತ್ತಾತು, ಅದೂ ಹೋತು."

ಸಿಗ್ರಿ ಮುಖ ಬೇರೆ ಕಡೆ ತಿರುಗಿಸಿದಳು. ಅಕ್ಕನಿಗೆ ಅದು ಕಾಣುವುದಿಲ್ಲವಲ್ಲ, ಮುಂದುವರಿಸಿದಳು.

"ಹೋಗಿದ್ದಕ್ಕೆ ಅತ್ಕೊಂಡೆ, ಮುಗೀತು. ಇವತ್ತಿಗೂ ಹೊಟ್ಟೆ ಉರಿಯೋದು ಬೇರೆದಕ್ಕೆ. ಆ ಎಂಟು ತಿಂಗ್ಳು ಅದುಕ್ಕೆ ಏನೂ ಆಗಿರ್ಲಿಲ್ಲ. ನಗ್ತಿತ್ತು. ಆವಾಗ ನಾನು ಒಂದು ಹಾಡು ಹೇಳ್ಲಿಲ್ಲ. ಹೆಸ್ರು ಹಿಡ್ದು ಒಂದು ಸಲ ಕೂಗ್ಲಿಲ್ಲ. ತಾಯಿ ದನಿ ಹೆಂಗೈತೆ ಅಂತ ಆ ಕೂಸಿಗೆ ಗೊತ್ತೇ ಇರ್ಲಿಲ್ಲ ಕಣವ್ವಾ."

ನನಗೆ ಈ ಮಾತು ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಎರಡು ಕೂಸುಗಳಿಗಾಗಿಯೇ ನಾನು ಶೀಶೆಗಳ ಮುಂದೆ ಕೂತಿದ್ದೆ, ಅಕ್ಕ ನನಗೆ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಕೇಳಿದ್ದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದೆ. ಮಾರಿಯಾ ಅದನ್ನು ಸೊಸೆಗೆ ಹೇಳಿದಳು. ಸಿಗ್ರಿ ಮನೆಯೊಳಗೆ ಹೋದಳು.

ಹೊರಡುವ ದಿನ

ಬೆಳಿಗ್ಗೆ ಸಿಗ್ರಿ ತಾನಾಗಿ ನನ್ನ ಮುಂದೆ ಬಂದು ನಿಂತಳು. ಪಿಸುದನಿಯಲ್ಲಿ ಅವಳು ಹೇಳಿದ್ದನ್ನು ಮಾರಿಯಾ ನನಗೆ ದಾಟಿಸಿದಳು. ದ್ವೀಪದ ದಾದಿ ಮಧ್ಯಾಹ್ನ ಬರುತ್ತಾಳೆ, ಮಗುವಿನ ರಕ್ತ ಕೊಡುತ್ತೇನೆ. ಅದಕ್ಕೆ ಮುಂಚೆ ನೀವು ಚಪ್ಪಾಳೆ ತಟ್ಟಬೇಕು. ನನ್ನ ಕೈಲಾಗುವುದಿಲ್ಲ. ನೋಡುವುದಕ್ಕೂ ಆಗುವುದಿಲ್ಲ, ನಾನು ಗುಡ್ಡಕ್ಕೆ ಹೋಗಿರುತ್ತೇನೆ.

ಚಪ್ಪಾಳೆ ಪರೀಕ್ಷೆಯಲ್ಲ, ರಕ್ತವೇ ಪರೀಕ್ಷೆ ಎಂದೆ. ಎಲ್ಲ ಮಕ್ಕಳೂ ಒಮ್ಮೆ ಬೆಚ್ಚುತ್ತವೆ ಎಂದೂ ಹೇಳಿದೆ. ಅವಳು ತಲೆಯಾಡಿಸಿ, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಎರಡೂ ಕಿವಿ ಮುಚ್ಚಿಕೊಂಡು ಹಿಂಬಾಗಿಲಿಂದ ಹೊರಟಳು. ಮಂಜು ಅವಳನ್ನು ನುಂಗಿತು.

ನಾನು ಯೋನ್‌ನ ಮುಖವನ್ನು ಮೊದಲ ಸಲ ನೋಡಿದೆ. ಅದೇ ಬಿಳುಪು, ಅದೇ ಉದ್ದ ರೆಪ್ಪೆ. ಗೊಂಬೆ. ನಲವತ್ತು ವರ್ಷದ ಹಿಂದೆ ಅಕ್ಕನ ಮಡಿಲಲ್ಲಿ ಮಲಗಿದ್ದ ಮುಖವೇ ಇಲ್ಲಿ ಬಂದು ಮಲಗಿದ ಹಾಗಿತ್ತು. ಆ ಊರಿನವರೆಲ್ಲ ಬಿಳಿಯರು, ಎಲ್ಲರ ರೆಪ್ಪೆಯೂ ಉದ್ದ ಎಂದು ನನ್ನ ಬುದ್ಧಿ ಹೇಳುತ್ತಿತ್ತು. ಬುದ್ಧಿಯ ಮಾತನ್ನು ಕೈ ಕೇಳಲಿಲ್ಲ, ಚಪ್ಪಾಳೆಗೆ ಮೇಲೇಳಲಿಲ್ಲ. ಶೀಶೆಯಲ್ಲಿ ಇಂಥ ಎಷ್ಟೋ ಮಕ್ಕಳ ಹಣೆಬರಹ ಓದಿದ್ದೇನೆ. ಶೀಶೆ ಯಾವತ್ತೂ ನನ್ನ ಕಡೆ ಮುಖ ಮಾಡಿ ಮಲಗಿರಲಿಲ್ಲ.

ಮಾರಿಯಾ ಕಣ್ಣು ಮುಚ್ಚಿದಳು. ನಾನು ಚಪ್ಪಾಳೆ ತಟ್ಟಿದೆ.

ಮಗು ಬೆಚ್ಚಿತು. ಎರಡು ಕೈಯೂ ಬಿಚ್ಚಿ ಗಾಳಿಯಲ್ಲಿ ಸೆಟೆದು ನಿಂತವು. ಮಾರಿಯಾಳ ಬಾಯಿಂದ ಒಂದು ನರಳಿಕೆ ಬಂತು. ಏಳು ತಿಂಗಳು ಸದ್ದನ್ನೇ ಕೇಳದ ಕೂಸು, ಬೆಚ್ಚದೆ ಏನು ಮಾಡೀತು ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ತಟ್ಟಿದೆ. ಮತ್ತೆ ಬೆಚ್ಚಿತು. ಬಳೆಗಳು ಝಲ್ ಎಂದವು. ಇನ್ನೊಮ್ಮೆ ತಟ್ಟಿದೆ. ಈ ಸಲ ಕೈ ಪೂರ್ತಿ ಬಿಚ್ಚಲಿಲ್ಲ, ಭುಜ ಮಾತ್ರ ಅಲುಗಿತು. ಮಾರಿಯಾ ಹಲ್ಲುಕಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಇನ್ನೊಮ್ಮೆ ತಟ್ಟಿದೆ. ರೆಪ್ಪೆ ಬಡಿಯಿತು, ಅಷ್ಟೇ. ಮತ್ತೊಮ್ಮೆ ತಟ್ಟಿದಾಗ ಅದು ಹುಬ್ಬು ಗಂಟಿಕ್ಕಿ, ಕತ್ತು ಹೊರಳಿಸಿ, ಸದ್ದು ಎಲ್ಲಿಂದ ಬಂತೆಂದು ಹುಡುಕಿ, ನನ್ನ ಕೈಗಳನ್ನು ನೋಡಿತು. ಬಳೆಗಳನ್ನು ನೋಡಿತು. ಆಮೇಲೆ ನಿಧಾನವಾಗಿ ಕಣ್ಣೆತ್ತಿ ನನ್ನನ್ನು ನೋಡಿತು. ನನ್ನನ್ನು ದಾಟಿ ಅಲ್ಲ, ನನ್ನನ್ನೇ.

ಅಕ್ಕನ ಮಕ್ಕಳು ಇಬ್ಬರೂ ಕೊನೆಕೊನೆಗೆ ನನ್ನನ್ನು ಹೀಗೆ ನೋಡಿರಲಿಲ್ಲ. ನಾನು ಅತ್ತುಬಿಟ್ಟೆ. ಮಾರಿಯಾ ಕಣ್ಣು ತೆರೆದು ನನ್ನ ಅಳು ಕಂಡು ಬಿಳಿಚಿಕೊಂಡಳು. ಇಲ್ಲ ಇಲ್ಲ ಎಂದು ಕೈಯಾಡಿಸಿದೆ. ಮಗು ಬಳೆಗೆ ಕೈ ಚಾಚಿತು.

ರಕ್ತದ ಫಲಿತಾಂಶ ಆಮೇಲೆ ನನ್ನ ಮೇಜಿನಿಂದಲೇ ಹೊರಬಿತ್ತು. ಕಿಣ್ವ ಇತ್ತು, ಇರಬೇಕಾದುದರಲ್ಲಿ ಅರ್ಧದಷ್ಟು, ಕೊಬ್ಬು ಒಡೆಯಲು ಅಷ್ಟು ಸಾಕು. ಮುಂದೆ ಅವನ ಮಕ್ಕಳ ವಿಷಯದಲ್ಲಿ ಎಚ್ಚರ ಬೇಕು, ಅವನಿಗೆ ಏನೂ ಆಗುವುದಿಲ್ಲ. ಆದರೆ ಆ ಬೆಳಿಗ್ಗೆ ನನ್ನ ಬಳಿ ಇದ್ದದ್ದು ಬರೀ ಚಪ್ಪಾಳೆ. ಅಷ್ಟರ ಮೇಲೆ ಮಾತು ಕೊಡುವುದು ನನ್ನ ಕಸುಬಿಗೆ ತಕ್ಕದ್ದಲ್ಲ. ಹಾಗಂತ ಗುಡ್ಡದ ಮೇಲೆ ಕಿವಿ ಮುಚ್ಚಿಕೊಂಡು ನಿಂತವಳನ್ನು ಫಲಿತಾಂಶ ಬರುವ ತನಕ ವಾರಗಟ್ಟಲೆ ಅಲ್ಲೇ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಹಿಂಬಾಗಿಲಿಗೆ ಹೋದೆ. ಮಂಜಿನಲ್ಲಿ ಅವಳೆಲ್ಲಿದ್ದಾಳೆ ಎಂದು ಗೊತ್ತಾಗಲಿಲ್ಲ. ಕುರಿಗಳ ಬೆನ್ನು ಮಾತ್ರ ಅಲ್ಲಲ್ಲಿ ತೇಲುತ್ತಿತ್ತು. ಹೋಗಿ ಹುಡುಕಿದರೆ ನಾನೇ ಕಳೆದುಹೋಗುತ್ತಿದ್ದೆ. ಅವಳ ಭಾಷೆ ನನಗೆ ಬಾರದು. ಎರಡು ದಿನದಿಂದ ಅಡಗಿಸಿಟ್ಟಿದ್ದ ಗಂಟಲನ್ನು ತೆರೆದು, ನಮ್ಮಲ್ಲಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವಂತೆ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದೆ.

"ಸಿಗ್ರೀ... ಬಾರವ್ವೋ... ನಿನ್ ಮಗ ನೋಡ್ತಾವ್ನೆ... ಬಾರೇ..."

ಕುರಿಗಳು ಚೆದುರಿ ಓಡಿದವು. ಮುಚ್ಚಿದ ಕಿವಿಗೆ ಅದು ಹೇಗೆ ಕೇಳಿಸಿತೋ ಗೊತ್ತಿಲ್ಲ. ಮಂಜಿನೊಳಗಿಂದ ಬೂಟುಗಾಲಿನ ಧಪಧಪ ಸದ್ದು ಬಂತು. ಮುಗ್ಗರಿಸಿ, ಎದ್ದು, ಓಡಿಬಂದಳು. ನನ್ನ ಮುಖ ನೋಡಿದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಅಂತೂ ಅವಳಿಗೆ ಸಾಕಾಯಿತು. ನನ್ನನ್ನು ದೂಡಿಕೊಂಡು ಒಳಗೆ ನುಗ್ಗಿದಳು. ಅವಳ ಹಿಂದೆ ಬಾಗಿಲು ಗಾಳಿಗೆ ಧಡಾರೆಂದು ಬಡಿದುಕೊಂಡಿತು.

ಮಗು ಹೋ ಎಂದು ಅಳತೊಡಗಿತು. ಒಳಗೆ ಯಾರೂ ಅದಕ್ಕೆ ಶ್ ಎನ್ನಲಿಲ್ಲ.